ಎರಡು ಜಲಾಂತರ್ಗಾಮಿ, ಒಂದು ರೇಡಿಯೋ ಕೋಣೆ

ಸಿರಾದ ಖಾಸಗಿ ಶಾಲೆಯೊಂದರ ಕಾರ್ಯದರ್ಶಿ ನನ್ನ ಶೆಡ್ಡಿಗೆ ಬಂದಾಗ ಅಂಗಳದಲ್ಲಿ ಅರ್ಧ ಬಣ್ಣ ಹಚ್ಚಿದ ಫೈಬರ್ ಆನೆಯೊಂದು ಬಿಸಿಲಿಗೆ ಒಣಗುತ್ತಿತ್ತು. ಅವರು ಅದರ ಸೊಂಡಿಲು ಸವರಿ ನೋಡಿ, "ಆನೆ ಬೇಡಮ್ಮ ನಮಗೆ. ಜಲಾಂತರ್ಗಾಮಿ ಬೇಕು. ಎರಡು. ಒಂದು ಅಮೆರಿಕದ್ದು, ಒಂದು ರಷ್ಯಾದ್ದು. ಎರಡೂ ನೀರಲ್ಲಿ ಮುಳುಗಬೇಕು, ಎರಡೂ ಏಳಬೇಕು. ಮಕ್ಕಳು ನೋಡಿದ ಕೂಡಲೇ ಯಾರು ಬಲಶಾಲಿ ಅಂತ ಗೊತ್ತಾಗಬೇಕು" ಅಂದರು.

ಮಧುಗಿರಿಯಲ್ಲಿ ನಾನು ಡಿಪ್ಲೊಮಾ ಮುಗಿಸಿ ಫೈಬರ್ ಕೆಲಸಕ್ಕೆ ಇಳಿದವಳು. ಉದ್ಯಾನಗಳ ಆನೆ, ಜಿರಾಫೆ, ಅಂಗಡಿಗಳ ಬೋರ್ಡು, ನೀರಿನ ತೊಟ್ಟಿಗಳ ರಿಪೇರಿ ಇವೇ ನನ್ನ ಅನ್ನ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ನಿಂತಲ್ಲಿ ನಿಲ್ಲುವ ವಸ್ತುಗಳು. ಮುಳುಗಿ ಏಳುವುದನ್ನು ಮಾಡಬೇಕೆಂದಾಗ ಆಸೆಯಾಯಿತು. ಶಾಲೆಯ ವಿಜ್ಞಾನ ವನದ ಉದ್ಘಾಟನೆಗೆ ಮೊದಲು ಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಪುಸ್ತಕ, ಚಿತ್ರ, ವಿಡಿಯೋ ಎಲ್ಲ ಹುಡುಕಿ ಎರಡು ನಕ್ಷೆ ಬರೆದೆ. ನಂಬಿಕೆ ಸಾಲದೆ ಗೊತ್ತಿದ್ದವರನ್ನೆಲ್ಲ ಕೇಳಿದೆ. ಕೊರಟಗೆರೆ ಕಡೆಯ ಗ್ರಾಹಕರೊಬ್ಬರು, "ಹೊಳವನಹಳ್ಳಿಯಲ್ಲಿ ಒಬ್ಬರು ಯಜಮಾನರಿದ್ದಾರೆ, ನೌಕಾಪಡೆಯಲ್ಲಿ ಜಲಾಂತರ್ಗಾಮಿಯೊಳಗೇ ಇದ್ದವರು" ಅಂದರು. ಫೋನು ಮಾಡಿದ ಮರುದಿನವೇ ಯಜಮಾನರು ಬಸ್ಸಿಳಿದು ಬಂದರು. ಅರವತ್ತೈದು ದಾಟಿದ ಗಟ್ಟಿ ಆಳು. ಎಡಗಿವಿ ಕೇಳಿಸುತ್ತಿರಲಿಲ್ಲ, ಅದಕ್ಕೇ ಮಾತಾಡುವವರಿಗೆ ಬಲಗಿವಿ ಕೊಟ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದರು. ಡೀಸೆಲ್ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿದ್ದರ ಫಲ ಅದು ಎಂದು ಆಮೇಲೆ ತಿಳಿಯಿತು.

ನನ್ನ ನಕ್ಷೆ ನೋಡಿ ಅವರು ಮೊದಲು ಹೇಳಿದ ಮಾತು: "ಎರಡೂ ಒಂದೇ ಅಲ್ವೇನಮ್ಮ? ಬಣ್ಣ ಮಾತ್ರ ಬ್ಯಾರೆ ಕೊಟ್ಟಿದೀಯ."

ನಿಜವಾಗಿಯೂ ಹಾಗೇ ಇತ್ತು. ಮೂತಿ, ಬೆನ್ನಿನ ಗೋಪುರ, ಬಾಲದ ರೆಕ್ಕೆ ಬೇರೆಯಾಗಿ ಬರೆದಿದ್ದೆ. ಮೈ ಒಂದೇ ಇತ್ತು. ಅವರು ನೆಲದ ಮೇಲೆ ಕೂತು ಸೀಮೆಸುಣ್ಣದಿಂದ ಬರೆದು ತೋರಿಸಿದರು. ಅಮೆರಿಕದ್ದಕ್ಕೆ ಹೆಚ್ಚಿನ ಭಾಗ ಒಂದೇ ಮೈ. ನೀರಿನ ಒತ್ತಡ ತಡೆಯುವ ಉಕ್ಕಿನ ಕೊಳವೆಯೇ ಹೊರಮೈ ಕೂಡ. ಮುಳುಗಲು ನೀರು ತುಂಬಿಕೊಳ್ಳುವ ತೊಟ್ಟಿಗಳು ಮೂತಿಯಲ್ಲೂ ಬಾಲದಲ್ಲೂ ಇರುತ್ತವೆ. ರಷ್ಯಾದ್ದಕ್ಕೆ ಮೈಯ ಮೇಲೆ ಇನ್ನೊಂದು ಮೈ. ಎರಡರ ನಡುವೆ ಉದ್ದಕ್ಕೂ ತೊಟ್ಟಿಗಳು. ಒಳಗೆ ಹೆಚ್ಚು ಕೋಣೆ, ಕೋಣೆಗೊಂದು ಗಟ್ಟಿ ಬಾಗಿಲು.

"ಹೊರಗಡೆ ತೂತು ಬಿತ್ತು ಅಂದ್ಕೊ, ಒಳಗಿನ ಮೈ ಇನ್ನೂ ಇರ್ತದೆ. ಒಂದು ಕೋಣೆಗೆ ನೀರು ನುಗ್ತು ಅಂದ್ಕೊ, ಬಾಗಿಲು ಹಾಕ್ಕೊಂಡು ಮಿಕ್ಕಿದ್ದರಲ್ಲಿ ಮ್ಯಾಲೆ ಬರಬೌದು. ರಷ್ಯಾದೋರು ಏಟು ಬಿದ್ದೇ ಬೀಳ್ತದೆ ಅಂತ ಕಟ್ತಾರೆ."

"ಅಮೆರಿಕದವರು?"

"ಏಟೇ ಬೀಳಬಾರ್ದು ಅಂತ ಕಟ್ತಾರೆ."

ಅವತ್ತಿನಿಂದ ಯಜಮಾನರು ವಾರಕ್ಕೆ ಎರಡು ಮೂರು ಸಲ ಬರತೊಡಗಿದರು. ಮೊದಲ ಜಗಳ ಯಾವ ಮಾದರಿ ಮಾಡುವುದು ಎಂಬುದಕ್ಕೇ. ಕಾರ್ಯದರ್ಶಿಗೆ ಎರಡೂ ಅಣುಶಕ್ತಿಯವೇ ಆಗಬೇಕಿತ್ತು. ಯಜಮಾನರು ರಷ್ಯಾದ್ದು ಡೀಸೆಲ್ ಇರಲಿ, ನಮ್ಮ ದೇಶ ತಂದದ್ದು ಅದನ್ನೇ, ನಾನು ಉಂಡು ಮಲಗಿದ್ದು ಅದರಲ್ಲೇ ಎಂದು ಪಟ್ಟು ಹಿಡಿದರು. ಅಣುಶಕ್ತಿಯದ್ದಕ್ಕೂ ಡೀಸೆಲ್ಲಿಗೂ ಹೋಲಿಕೆ ಸರಿಯೇ ಎಂದು ನಾನು ಕೇಳಿದೆ. ಅವರು ಬಿಡಿಸಿ ಹೇಳಿದರು. ಅಮೆರಿಕ ಡೀಸೆಲ್ ಜಲಾಂತರ್ಗಾಮಿಗಳನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಎರಡು ಸಾಗರ ದಾಟಿ ದೂರ ಹೋಗಿ ತಿಂಗಳುಗಟ್ಟಲೆ ನಿಲ್ಲಬೇಕಾದವರಿಗೆ ಅಣುಶಕ್ತಿಯೇ ಬೇಕು. ರಷ್ಯಾದ ಸಮುದ್ರಗಳು ಒಂದಕ್ಕೊಂದು ಸೇರಿಲ್ಲ, ಕೆಲವು ಹೆಪ್ಪುಗಟ್ಟುತ್ತವೆ, ಹೊರಗೆ ಬರುವ ದಾರಿಗಳಲ್ಲಿ ಬೇರೆಯವರು ಕಾವಲು ಕೂತಿದ್ದಾರೆ. ಅವರಿಗೆ ಮನೆ ಬಾಗಿಲು ಕಾಯಲು ಡೀಸೆಲ್ಲೂ ಬೇಕು, ದೂರದ ಕೆಲಸಕ್ಕೆ ಅಣುಶಕ್ತಿಯದ್ದೂ ಬೇಕು. "ಇದನ್ನ ಮಾದರಿ ಪಕ್ಕ ಇಡೋ ಬೋರ್ಡಲ್ಲಿ ಬರೆದ್ಬುಡು. ಹೋಲಿಕೆ ಅಂದ್ರೆ ಇದೇ ಕಣಮ್ಮ" ಅಂದರು. ಕಾರ್ಯದರ್ಶಿ ಅರೆಮನಸ್ಸಿನಿಂದ ಒಪ್ಪಿದರು.

ಅಚ್ಚು ಮಾಡಿದೆವು. ಮೇಣ ಸವರಿ, ಫೈಬರ್ ಮ್ಯಾಟಿನ ಪದರಗಳನ್ನು ಹಾಸಿ, ರೆಸಿನ್ ಹಚ್ಚಿ, ಆಳುದ್ದದ ಎರಡು ಮೈಗಳನ್ನು ಅರ್ಧರ್ಧವಾಗಿ ತೆಗೆದೆವು. ನನ್ನ ಜೊತೆ ಬಹಳ ವರ್ಷದಿಂದ ಇರುವ ಪಾವಗಡ ಕಡೆಯ ಕೆಲಸಗಾರ ಕೂಡುಗೆರೆಗಳನ್ನು ಮುಚ್ಚಿದ. ತಳದಲ್ಲಿ ತೂತು, ಬೆನ್ನಿನಲ್ಲಿ ಸಣ್ಣ ರಬ್ಬರ್ ನಳಿಗೆ. ನಳಿಗೆಯ ಕ್ಲಿಪ್ಪು ಬಿಚ್ಚಿದರೆ ತೊಟ್ಟಿಯ ಗಾಳಿ ಹೊರಗೆ ಬಂದು ಕೆಳಗಿನಿಂದ ನೀರು ತುಂಬಿ ಮಾದರಿ ಮುಳುಗಬೇಕು. ಪಂಪಿನಿಂದ ಗಾಳಿ ಊದಿದರೆ ನೀರು ಹೊರಟು ಏಳಬೇಕು. ನಿಜವಾದ ಜಲಾಂತರ್ಗಾಮಿಯದ್ದೂ ಇದೇ ಉಪಾಯ.

ಹೇಳಿದಷ್ಟು ಸುಲಭವಾಗಲಿಲ್ಲ. ರಷ್ಯಾದ್ದು ಮುಳುಗಲೇ ಒಪ್ಪಲಿಲ್ಲ. ಎರಡು ಮೈಗಳ ನಡುವೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡು ಅದು ಒಣ ಸೋರೆಬುರುಡೆಯಂತೆ ತೇಲುತ್ತಿತ್ತು. ಅಮೆರಿಕದ್ದು ಸಲೀಸಾಗಿ ಮುಳುಗುತ್ತಿತ್ತು, ಆದರೆ ಬಾಲ ಮೊದಲು. ರಷ್ಯಾದ್ದರ ಬೆನ್ನಿಗೆ ಗಾಳಿ ಹೊರಡಲು ಇನ್ನೊಂದು ನಳಿಗೆ ಇಟ್ಟು, ಸೀಸದ ತುಂಡುಗಳನ್ನು ಒಳಗೆ ಹಿಂದೆ ಮುಂದೆ ಸರಿಸಿ ತೂಕ ಸರಿಮಾಡಿದೆವು. ಕೊನೆಗೆ ಶೆಡ್ಡಿನ ತೊಟ್ಟಿ ಸಾಲದೆ ಎರಡನ್ನೂ ಗೂಡ್ಸ್ ಆಟೋಗೆ ಹಾಕಿಕೊಂಡು ಮದಲೂರು ಕೆರೆಗೆ ಹೋದೆವು.

ಕೆರೆ ತುಂಬಿತ್ತು. ಸಣ್ಣ ಅಲೆಯಿತ್ತು. ಅಮೆರಿಕದ್ದು ಚೆಂದವಾಗಿ ಮುಳುಗಿತು. ಪಂಪು ಊದಿದರೆ ಏಳಲಿಲ್ಲ. ನಳಿಗೆ ಕಳಚಿಕೊಂಡಿತ್ತು.

ಕೆಲಸಗಾರ ತಲೆ ಮೇಲೆ ಕೈ ಇಟ್ಟುಕೊಂಡ. "ಪೋಯಿಂದಿ ಅಕ್ಕಾ, ಹೋಯ್ತು!"

ದಡದಲ್ಲಿ ಬಲೆ ಒಗೆಯುತ್ತಿದ್ದವರೊಬ್ಬರು, "ಏನ್ ಕಣಮ್ಮ ಅದು ಮುಳುಗಿದ್ದು? ಗ್ಯಾಸ್ ಸಿಲಿಂಡ್ರಾ?" ಎಂದು ಕೇಳಿದರು.

"ಅಮೆರಿಕಾ ಕಣಪ್ಪ" ಅಂದರು ಯಜಮಾನರು, ನಗು ತಡೆದುಕೊಂಡು. "ಹುಷಾರಾಗಿ ಎತ್ತು, ಮೂತಿ ಮುರೀಬ್ಯಾಡ."

ಬಲೆಯವರು ಕೆಸರಿನಿಂದ ಅದನ್ನು ಎಳೆದು ತಂದರು. ಯಜಮಾನರು ಅವತ್ತು ಹುಡುಗರಂತೆ ಖುಷಿಯಲ್ಲಿದ್ದರು. ತೂತಿನ ಪರೀಕ್ಷೆಯಲ್ಲಂತೂ ಅವರ ಪಕ್ಷವೇ ಗೆದ್ದಿತು. ಎರಡನ್ನೂ ತೇಲಿಸಿ, ಏಟು ಬಿದ್ದಂತೆ ನೀರು ನುಗ್ಗಲೆಂದು ಒಳಗಿನ ಒಂದೊಂದು ಕೋಣೆಯ ಬಿರಡೆ ತೆಗೆದೆವು. ಅಮೆರಿಕದ್ದು ವಾಲಿ ಕೆಳಗಿಳಿಯಿತು. ರಷ್ಯಾದ್ದು ಒಂದು ಕಡೆ ತಗ್ಗಿ, ಬೆನ್ನು ಹೊರಗಿಟ್ಟುಕೊಂಡು ನಿಂತಿತು.

ನ್ಯಾಯಕ್ಕೆ ಇನ್ನೊಂದು ಪರೀಕ್ಷೆ ನಾನೇ ಇಟ್ಟೆ. ಎರಡಕ್ಕೂ ಒಂದೇ ಬಗೆಯ ಸಣ್ಣ ಮೋಟಾರು, ಒಂದೇ ಬ್ಯಾಟರಿ. ಅಮೆರಿಕದ್ದು ತೆಳ್ಳಗಿನ ಮೈಯಿಂದಾಗಿ ದಡದುದ್ದಕ್ಕೂ ಓಡಿತು. ರಷ್ಯಾದ್ದು ಹೊತ್ತ ನೀರಿನ ಭಾರಕ್ಕೆ ಅರ್ಧಕ್ಕೇ ಸೋತಿತು. ಯಜಮಾನರು ಬಗ್ಗಿ ರಷ್ಯಾದ್ದನ್ನು ದಡಕ್ಕೆ ಎಳೆದುಕೊಂಡರು. ಆಮೇಲೆ, "ನಮ್ಮದು ಬ್ಯಾಟರಿ ಮ್ಯಾಲೆ ಓಡೋವಾಗ ಸದ್ದೇ ಇಲ್ಲ. ಆದ್ರೆ ಬ್ಯಾಟರಿ ತುಂಬಾಕೆ ಎಂಜಿನ್ ಓಡಿಸ್ಬೇಕು, ಅದಕ್ಕೆ ನೀರಿನ ಮ್ಯಾಲಿನ ಹತ್ರ ಬಂದು ಉಸಿರು ತಗಾಬೇಕು. ಅಮೆರಿಕಾದೋನಿಗೆ ಅದೂ ಬ್ಯಾಡ, ಉಸಿರು ಹಿಡ್ಕೊಂಡೇ ಇರ್ತಾನೆ. ಇರೋದನ್ನ ಇರೋ ಹಂಗೆ ಬರಿ" ಅಂದರು.

ಹಾಗೇ ಬರೆದೆ. ಬೋರ್ಡಿಗೆ ನೌಕಾಬಲದ ಮಾತೂ ಸೇರಿತು. ಹಡಗುಗಳನ್ನು ಎಣಿಸಿದರೆ ಬಲ ತಿಳಿಯುವುದಿಲ್ಲ, ಎಷ್ಟು ರಿಪೇರಿಯಲ್ಲಿವೆ, ಎಷ್ಟು ಸಮುದ್ರದಲ್ಲಿವೆ ಎಂಬುದು ಮುಖ್ಯ. ಅಮೆರಿಕ ವಿಮಾನವಾಹಕ ಹಡಗುಗಳನ್ನು ದೂರಕ್ಕೆ ಕಳಿಸಿ ಬಲ ತೋರಿಸುತ್ತದೆ, ರಷ್ಯಾ ಆ ಹಡಗುಗಳನ್ನು ಹತ್ತಿರ ಬಿಡದಿರಲು ಜಲಾಂತರ್ಗಾಮಿಗಳನ್ನು ನೆಚ್ಚಿಕೊಂಡಿದೆ ಎಂದೆಲ್ಲ. ಕಾರ್ಯದರ್ಶಿ ಓದಿ, "ಕೊನೆಗೆ ಗೆದ್ದೋರು ಯಾರಮ್ಮ?" ಎಂದು ಕೇಳಿದರು. ಎರಡೂ ಅವರವರ ಕೆಲಸಕ್ಕೆ ಸರಿ ಎಂದ ನನ್ನ ಉತ್ತರ ಅವರಿಗೆ ಹಿಡಿಸಲಿಲ್ಲ.

ಎರಡೂ ಮಾದರಿಗೆ ಕಪ್ಪು ಬಣ್ಣ ಹೊಡೆದು ಮುಗಿಸಿದ ವಾರ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಬಂದರು. ಕಣ್ಣು ತೋರಿಸಲು ಮಧುಗಿರಿಗೆ ಬಂದಿದ್ದರಂತೆ. ಆಕೆಯ ತವರು ಬರಗೂರು, ಕುರಿ ಮೇಯಿಸಿಕೊಂಡು ಬೆಳೆದವರು. ಬಿಡುಬೀಸಾಗಿ ಮಾತಾಡುವ ಹೆಂಗಸು. ರಷ್ಯಾದ್ದರ ಸುತ್ತ ಒಂದು ಸುತ್ತು ಬಂದು, ಕೈಯಿಂದ ತಟ್ಟಿ ನೋಡಿದರು.

"ಇದ್ರಾಗೇ ಏನು ನೀವು ಇದ್ದಿದ್ದು?"

"ಊಂ."

"ಎಲ್ಲಿ ಮಲಗ್ತಿದ್ರಿ?"

"ಒಳಗೆ."

"ಒಳಗೆ ಅಂದ್ರೆ? ಕಿಟಕಿನೂ ಇಲ್ಲ, ಬಾಗಿಲೂ ಇಲ್ಲ. ನಂಗೇನ್ ಕಾಣ್ತೈತೆ? ಕಲ್ಲುಗುಂಡು ಇದ್ದಂಗೈತೆ."

ಯಜಮಾನರು ನಕ್ಕರು. ಎರಡು ದಿನ ಬಿಟ್ಟು ಒಬ್ಬರೇ ಬಂದರು. ಟೀ ಕುಡಿದು ಲೋಟ ಕೆಳಗಿಟ್ಟು, "ಇದರ ಪಕ್ಕೆ ಕುಯ್ಯಾಕೆ ಆಗ್ತದೇನಮ್ಮ?" ಅಂದರು.

ಆಗುವುದಿಲ್ಲ ಎಂದೆ. ಕೊಯ್ದರೆ ನೀರು ನುಗ್ಗುತ್ತದೆ, ಮುಳುಗಿದರೆ ಮತ್ತೆ ಏಳುವುದಿಲ್ಲ. ಉದ್ಘಾಟನೆ ಹತ್ತಿರ ಬಂದಿದೆ. ಅವರು ಬಲಗಿವಿ ಕೊಟ್ಟು ಎಲ್ಲ ಕೇಳಿಸಿಕೊಂಡರು.

"ಅವಳು ಮೂವತ್ತು ವರ್ಷದಾಗೆ ಒಂದ್ಸಲನೂ ಕೇಳಿರ್ಲಿಲ್ಲ ಕಣಮ್ಮ, ಎಲ್ಲಿ ಮಲಗ್ತಿದ್ರಿ ಅಂತ. ಮೊನ್ನೆ ಕೇಳವ್ಳೆ."

ಯಾಕೆ ಕೇಳಿರಲಿಲ್ಲ ಎಂದು ಅವರೇ ಹೇಳಿದರು. ಅವರ ಮೊದಲ ಮಗು ಹೆಣ್ಣು. ಗೋಡೆ ಹಿಡಿದು ನಡೆಯಲು ಕಲಿಯುತ್ತಿತ್ತು. ಅವರು ಸಮುದ್ರದಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿತು. ಭಾಮೈದ ತಂತಿ ಕೊಟ್ಟಿದ್ದ. ಇವರು ದಡಕ್ಕೆ ಬಂದು, ಊರಿಗೆ ಬರುವ ಹೊತ್ತಿಗೆ ಮಣ್ಣು ಮಾಡಿದ ಜಾಗದಲ್ಲಿ ಹುಲ್ಲು ಬಂದಿತ್ತು. ಆಮೇಲೆ ಇಬ್ಬರು ಮಕ್ಕಳಾದರು, ಬೆಳೆದರು. ಸಮುದ್ರದ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಾನು ಗ್ರೈಂಡರ್ ತೆಗೆದುಕೊಂಡೆ.

ಹೊಸದಾಗಿ ಬಣ್ಣ ಹೊಡೆದ ಮೈಯನ್ನು ಕೊಯ್ಯುವಾಗ ಕೆಲಸಗಾರ ಮುಖ ತಿರುಗಿಸಿಕೊಂಡ. ಹೊರಮೈ, ಒಳಮೈ ಎರಡನ್ನೂ ಉದ್ದಕ್ಕೆ ಕೊಯ್ದು ತೆಗೆದೆವು. ಆ ಜಾಗದಲ್ಲಿ ತಿಳಿಯಾದ ಅಕ್ರಿಲಿಕ್ ಹಾಳೆ ಕೂರಿಸಬೇಕು, ನೀರು ಸೋರಬಾರದು. ಮೊದಲ ಹಾಳೆ ಬಗ್ಗಿಸುವಾಗ ಬಿರುಕು ಬಿಟ್ಟಿತು. ಎರಡನೆಯದನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ ಅಚ್ಚಿನ ಮೇಲೆ ಮಲಗಿಸಿದೆವು. ಕೂತಿತು, ಆದರೆ ಅಂಚಿನಲ್ಲಿ ಸೋರಿತು. ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಬಿಗಿದು, ಮೇಲೆ ಸಿಲಿಕೋನ್ ಹಚ್ಚಿದ ಮೇಲೆ ನಿಂತಿತು. ಕಾರ್ಯದರ್ಶಿಗೆ ಫೋನು ಮಾಡಿ ಇನ್ನಷ್ಟು ಸಮಯ ಕೇಳಿದೆ, ಬೈಸಿಕೊಂಡೆ.

ಹಾಳೆ ಮುಚ್ಚುವ ಮೊದಲು ಮಾಡಬೇಕಾದ ಒಳಗಿನ ಕೆಲಸ ಯಜಮಾನರದ್ದು. ಅಲ್ಯುಮಿನಿಯಂ ತಂತಿ ಬಗ್ಗಿಸಿ ಒಂದರ ಮೇಲೊಂದು ಮಂಚ ಮಾಡಿದರು. ಮರದ ತುಂಡುಗಳಿಂದ ಡೀಸೆಲ್ ಎಂಜಿನ್ನು, ತಳದಲ್ಲಿ ಬ್ಯಾಟರಿಗಳ ಸಾಲು, ಬೆರಳಗಲದ ಅಡುಗೆ ಕೋಣೆ. ಕೋಣೆ ಕೋಣೆಗೂ ದುಂಡಗಿನ ಬಾಗಿಲು. ಕೆಲಸ ಮಾಡುತ್ತ ಒಳಗಿನ ಬದುಕು ಹೇಳುತ್ತಿದ್ದರು. ಮೈಗೆ ಹತ್ತಿದ ಡೀಸೆಲ್ ವಾಸನೆ ತಿಂಗಳಾದರೂ ಹೋಗುತ್ತಿರಲಿಲ್ಲವಂತೆ. ಒಬ್ಬ ಎದ್ದ ಮಂಚಕ್ಕೆ ಇನ್ನೊಬ್ಬ ಬಂದು ಮಲಗುತ್ತಿದ್ದನಂತೆ, ಹಾಸಿಗೆ ಆರುತ್ತಲೇ ಇರಲಿಲ್ಲ.

ಮಂಚದ ಪಕ್ಕದ ಗೋಡೆಯಾಚೆ ಒಂದು ಗೂಡು ಖಾಲಿ ಉಳಿದಿತ್ತು. ಎಲ್ಲ ಮುಗಿದರೂ ಅದಕ್ಕೆ ಕೈ ಹಾಕಿರಲಿಲ್ಲ.

"ಇಲ್ಲೇನಣ್ಣ?"

"ರೇಡಿಯೋ" ಅಂದರು. ಕೈಗೆ ಹತ್ತಿದ ಮರದ ಪುಡಿ ಒರೆಸಿಕೊಂಡು, "ಉಸಿರು ತಗಳಾಕೆ ಮ್ಯಾಲೆ ಬರ್ತೀವಿ ಅಂದ್ನಲ್ಲ, ಅವಾಗ ಸುದ್ದಿನೂ ಬರ್ತದೆ" ಅಂದರು.

ನನಗೆ ಹೊಳೆಯಲು ತಡವಾಯಿತು. ಅವರೇ ಮುಂದುವರಿಸಿದರು. ಮಗುವಿನ ಸುದ್ದಿ ಬಂದಿತ್ತು. ಕಪ್ತಾನರು ಇಟ್ಟುಕೊಂಡಿದ್ದರು. ದಡ ಮುಟ್ಟಿದ ಮೇಲೆ ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಹೇಳಿ ಮಾಡುವುದೇನು? ಹಡಗು ಹಿಂದಿರುಗುವ ಹಾಗಿಲ್ಲ. ದುಃಖದಲ್ಲಿರುವವನು ಒಂದು ವಾಲ್ವ್ ತಪ್ಪಿ ತಿರುಗಿಸಿದರೆ ಎಲ್ಲರೂ ಹೋಗುತ್ತಾರೆ. "ಅವರ ಜಾಗದಾಗೆ ನಾನಿದ್ರೂ ಹಂಗೇ ಮಾಡ್ತಿದ್ದೆ" ಅಂದರು. "ಮನೇಲಿ ಮಾತ್ರ ನೀರಿನೊಳಗೆ ಸುದ್ದಿ ಬರಲ್ಲ ಅಂತ ಹೇಳಿದ್ದೆ. ಅವತ್ತು ಅವಳ ಮುಖ ನೋಡಿ ಅದೇ ಬಾಯಿಗೆ ಬಂತು."

"ಖಾಲಿ ಬಿಡೋಣ ಅಣ್ಣ. ಯಾರಿಗೆ ಗೊತ್ತಾಗುತ್ತೆ?"

ಅವರು ತಲೆ ಅಲ್ಲಾಡಿಸಿದರು. ಅಮೆರಿಕದ್ದರ ಬಗ್ಗೆ ಇರೋದನ್ನ ಇರೋ ಹಂಗೆ ಬರಿ ಅಂದವನು ನಾನೇ ತಾನೆ ಎನ್ನುತ್ತ ಒಂದು ಮರದ ಚೂರನ್ನು ಉಜ್ಜತೊಡಗಿದರು. ಚಿಕ್ಕ ಮೇಜು, ಚಿಕ್ಕ ಪೆಟ್ಟಿಗೆ. ಅಂಟು ಹಚ್ಚಿ ಅವರೇ ಒಳಗಿಟ್ಟರು. ಅಂಟು ಕೂರುವವರೆಗೆ ನಾನು ಚಿಮಟದಿಂದ ಹಿಡಿದುಕೊಂಡೆ.

ಹೆಂಡತಿ ಮತ್ತೆ ಬಂದದ್ದು ಬಿಸಿಲಿಳಿಯುವ ಹೊತ್ತಿಗೆ. ಕಣ್ಣಿಗೆ ಹೊಸ ಕನ್ನಡಕ. ಮಾದರಿಯ ಅಕ್ರಿಲಿಕ್ ಕಿಟಕಿಯ ಹತ್ತಿರ ಕೂತು ಒಂದೊಂದರ ನೇರಕ್ಕೂ ಬೆರಳಿಟ್ಟು ಕೇಳಿದರು. ಇದು ಒಲೆ, ಇದು ಎಂಜಿನ್ನು, ಇದು ನಾನು ಮಲಗ್ತಿದ್ದ ಮಂಚ ಎಂದು ಯಜಮಾನರು ಹೇಳುತ್ತ ಹೋದರು. "ಅಯ್ಯೋ, ಕುರಿಮರಿ ಗೂಡಿಗಿಂತ ಕಡೆ" ಎಂದು ಆಕೆ ನಕ್ಕರು. ಯಜಮಾನರೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ಇದು?"

"ರೇಡಿಯೋ ಕೋಣೆ."

"ಹಾಡು ಕೇಳಾಕಾ?"

"ಅಲ್ಲ. ದಡದಿಂದ ಸುದ್ದಿ ಬರಾಕೆ."

ಬೆರಳು ಅಲ್ಲೇ ನಿಂತಿತು. ಆಕೆ ರೇಡಿಯೋ ನೋಡಿದರು, ಮಂಚ ನೋಡಿದರು. ನಡುವೆ ಇದ್ದದ್ದು ತಗಡಿನಷ್ಟು ತೆಳುವಾದ ಒಂದು ಗೋಡೆ.

"ಸುದ್ದಿ ಬರಾಕಿಲ್ಲ ಅಂದಿದ್ರಲ್ಲ."

ಯಜಮಾನರು ಬಲಗಿವಿ ತಿರುಗಿಸಿ ನಿಂತಿದ್ದರು. ಕೇಳಿಸಿತ್ತು. "ಬರ್ತದೆ. ಹೇಳಾಕಿಲ್ಲ."

"ಬಂದಿತ್ತಾ?"

"ಬಂದಿತ್ತು. ನಂಗೆ ಹೇಳಿದ್ದು ಇಳಿದ ಮ್ಯಾಲೆ."

ಆಕೆ ಎದ್ದು ಸೆರಗಿನ ಧೂಳು ಕೊಡವಿಕೊಂಡು, "ಬಸ್ಸಿಗೆ ಹೊತ್ತಾತು" ಎಂದು ಹೊರಟರು. ಯಜಮಾನರು ಹಿಂದೆ ಹೋದರು. ರಸ್ತೆ ತಿರುಗುವವರೆಗೂ ಇಬ್ಬರ ನಡುವೆ ಒಂದು ಗಾಡಿ ಹೋಗುವಷ್ಟು ದೂರ ಇತ್ತು.

ಉದ್ಘಾಟನೆಗೆ ಯಜಮಾನರು ಬರಲಿಲ್ಲ. ಗಾಜಿನ ತೊಟ್ಟಿಯಲ್ಲಿ ಎರಡೂ ಸಮನಾಗಿ ಮುಳುಗಿದವು, ಸಮನಾಗಿ ಎದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು. ಕಿಟಕಿಯ ಮುಂದೆಯೇ ಎಲ್ಲರೂ ಗುಂಪುಗೂಡಿದ್ದು ನೋಡಿ ಕಾರ್ಯದರ್ಶಿ, ಕೊಯ್ಯುವ ಯೋಚನೆ ತಮ್ಮದೇ ಎನ್ನುವಂತೆ ಅತಿಥಿಗಳಿಗೆ ವಿವರಿಸಿದರು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಒಳ್ಳೆಯ ಕೆಲಸ ಹಿಂದೆ ಮಾಡಿರಲಿಲ್ಲ. ಆದರೂ ಅಲ್ಲಿ ನಿಲ್ಲಲಾಗಲಿಲ್ಲ.

ವಾರ ಕಳೆದು ಹೊಳವನಹಳ್ಳಿಗೆ ಹೋದೆ. ಯಜಮಾನರು ಬಸ್ ನಿಲ್ದಾಣಕ್ಕೇ ಬಂದಿದ್ದರು. ನಡೆಯುತ್ತ, "ಮೂತಿ ಸಮ ನಿಲ್ತದಾ?" ಎಂದು ಕೇಳಿದರು. ನಿಲ್ಲುತ್ತದೆ ಎಂದೆ. ಸ್ವಲ್ಪ ದೂರ ಹೋದ ಮೇಲೆ ನಾನು ಕೇಳಿದೆ, "ಅಮೆರಿಕದವರು ಹೇಳುತ್ತಾರಾ ಅಣ್ಣ, ಇಂಥ ಸುದ್ದಿ?"

"ಅವ್ರೂ ಇಟ್ಕಂತಾರೆ ಅಂತ ಕೇಳಿದೀನಿ. ಅದೊಂದ್ರಾಗೆ ಎಲ್ಲಾರ್ದೂ ಒಂದೇ ಲೆಕ್ಕ."

ಮನೆಯಲ್ಲಿ ಆಕೆ ಮಜ್ಜಿಗೆ ಕೊಟ್ಟರು. ಯಜಮಾನರು ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತರು. ಕ್ಷಮೆ ಕೇಳಬೇಕೆಂದು ಬಂದವಳಿಗೆ ಯಾವುದಕ್ಕೆ ಕೇಳಬೇಕೆಂದು ತಿಳಿಯಲಿಲ್ಲ. "ಅಕ್ಕಾ, ಅದನ್ನ ಕೊಯ್ಯಬಾರದಿತ್ತು" ಎಂದಷ್ಟೇ ಅಂದೆ.

"ನೀನೇನ್ ಮಾಡ್ದೆ ಬುಡವ್ವ. ನೋಡ್ಬೇಕು ಅಂದೋಳು ನಾನು." ಆಕೆ ಎದುರಿಗೆ ಕೂತು ಮೊಣಕಾಲಿಗೆ ಕೈ ಕಟ್ಟಿಕೊಂಡರು. "ಇಷ್ಟ್ ವರ್ಸ ನೀರು ಅಡ್ಡ ಬಂತು ಅಂದ್ಕಂಡಿದ್ದೆ. ನೀರ್ ಮ್ಯಾಲೆ ಯಾರ್ ಸಿಟ್ ಮಾಡ್ಕಂತಾರೆ? ಅದ್ಕೇ ಇವ್ರ ಮ್ಯಾಲೂ ಮಾಡ್ಕಳ್ಳಿಲ್ಲ, ಯಾರ್ ಮ್ಯಾಲೂ ಮಾಡ್ಕಳ್ಳಿಲ್ಲ. ಸಂಸಾರ ನಡೀತು. ಈಗ ನೀರಲ್ಲ, ಮನುಸ್ರು ಅಂತ ಗೊತ್ತಾತು. ಈ ವಯಸ್ನಾಗೆ ಹೊಸದಾಗಿ ಸಿಟ್ ಮಾಡ್ಕಳಾದು ಹೆಂಗವ್ವ?"

ಲೋಟ ಖಾಲಿ ಮಾಡಿ ಎದ್ದೆ. ಹೊರಗೆ ಯಜಮಾನರು ಕಿವುಡಾದ ಎಡಗಿವಿಯನ್ನು ಬಾಗಿಲ ಕಡೆ ಕೊಟ್ಟು ಕೂತಿದ್ದರು.